ರುಬ್ರುಕ್ ಸಂನ್ಯಾಸಿಯ ಪ್ರವಾಸಕಥನ

ಪ್ರವಾಸಕಥನಗಳನ್ನು ಓದುವಾಗ ನಾವು ಎರಡು ಬಗೆಯ ಲಾಭವನ್ನು ಅಪೇಕ್ಷಿಸುತ್ತೇವೆ. ಕಾಣದ ದೇಶದ ವೃತ್ತಾಂತವು ತಿಳಿಯಬೇಕೆಂಬುದು ಒಂದು. ಕಂಡವನ ಮನಸ್ಸು ತಿಳಿಯಬೇಕೆಂಬುದು ಮತ್ತೊಂದು. ಮೊದಲನೆಯದನ್ನು ಕೊಡುವ ಗ್ರಂಥಗಳು ಹೇರಳವಾಗಿವೆ. ಎರಡನೆಯದನ್ನೂ ಪ್ರಾಮಾಣಿಕವಾಗಿ ಕೊಡತಕ್ಕವು ವಿರಳ. ಮಧ್ಯಯುಗದ ಯುರೋಪಿನಿಂದ ಮಂಗೋಲರ ನಾಡಿಗೆ ಹೋಗಿಬಂದವರಲ್ಲಿ ಮಾರ್ಕೋ ಪೋಲೋವಿನ ಹೆಸರನ್ನು ಕೇಳದ ವಾಚಕರಿಲ್ಲ. ಅವನಿಗಿಂತ ಹದಿನೆಂಟು ವರ್ಷ ಮೊದಲೇ ಹೊರಟ ರುಬ್ರುಕ್‌ನ ವಿಲಿಯಂ ಎಂಬ ಫ್ರಾನ್ಸಿಸ್ಕನ್ ಸಂನ್ಯಾಸಿಯ ಹೆಸರು ಅಷ್ಟು ಪ್ರಸಿದ್ಧವಾಗಿಲ್ಲ. ಆದರೂ ಮೇಲೆ ಹೇಳಿದ ಎರಡನೆಯ ಗುಣದಲ್ಲಿ ಈತನ ಗ್ರಂಥವೇ ಮೇಲೆಂದು ನನ್ನ ಅಭಿಪ್ರಾಯ.

ಗ್ರಂಥದ ಹುಟ್ಟನ್ನು ಮೊದಲು ತಿಳಿಯತಕ್ಕದ್ದು. ಫ್ರಾನ್ಸಿನ ದೊರೆಯಾದ ಒಂಬತ್ತನೆಯ ಲೂಯಿಯು ಧರ್ಮಯುದ್ಧಕ್ಕೆಂದು ಪೂರ್ವದೇಶಕ್ಕೆ ಬಂದಿದ್ದಾಗ ೧೨೪೯ರಲ್ಲಿ ಮಂಗೋಲರಲ್ಲಿಗೆ ರಾಯಭಾರವನ್ನು ಕಳುಹಿಸಿದನು. ಅಲ್ಲಿಂದ ಬಂದ ಉತ್ತರವು ಸ್ನೇಹದ್ದಲ್ಲ. ವರ್ಷವರ್ಷವೂ ಕಪ್ಪವನ್ನೊಪ್ಪಿಸಬೇಕೆಂಬ ಆಜ್ಞೆ. ಈ ಅವಮಾನವಾದ ಮೇಲೆ ವಿಲಿಯಂ ಹೊರಟನಾದುದರಿಂದ, ತಾನು ಯಾರ ರಾಯಭಾರಿಯೂ ಅಲ್ಲ, ಧರ್ಮೋಪದೇಶಕ್ಕಾಗಿ ಬಂದ ಬಡ ಸಂನ್ಯಾಸಿಯೆಂದು ಹೋದಹೋದಲ್ಲಿ ಹೇಳಿಕೊಳ್ಳುತ್ತಿದ್ದನು. ೧೨೫೩ರ ಮೇ ತಿಂಗಳಲ್ಲಿ ಕಾನ್‌ಸ್ಟಾಂಟಿನೋಪಲನ್ನು ಬಿಟ್ಟು, ಸಾರ್ತಾಕನ ಪಾಳೆಯವನ್ನೂ ಬಾಟು ಖಾನನ ಪಾಳೆಯವನ್ನೂ ಹಾದು, ಆ ವರ್ಷದ ಕೊನೆಯ ವಾರದಲ್ಲಿ ಮಹಾಖಾನನಾದ ಮೊಂಗ್ಕೆಯ ಶಿಬಿರವನ್ನು ಸೇರಿದನು. ೧೨೫೫ರಲ್ಲಿ ಹಿಂದಿರುಗಿದಾಗ ದೊರೆಯು ಸ್ವದೇಶಕ್ಕೆ ಮರಳಿದ್ದನು. ವಿಲಿಯಂನನ್ನಾದರೋ ಅವನ ಮಠದ ಹಿರಿಯರು ಏಕರ್ ಪಟ್ಟಣದಲ್ಲಿ ಪಾಠಹೇಳಲು ನೇಮಿಸಿದರು. ಬಾಯಿಂದ ಹೇಳಬೇಕಾಗಿದ್ದುದನ್ನು ಹೀಗೆ ಲ್ಯಾಟಿನ್ ಭಾಷೆಯಲ್ಲಿ ಬರೆದು ಕಳುಹಿಸಬೇಕಾಯಿತು. ನಾವು ಓದುವ ಗ್ರಂಥವು ಆ ಪತ್ರವೇ ಹೊರತು ಬೇರೆಯಲ್ಲ.

ಈ ಪತ್ರದ ಮೊದಲನೆಯ ಗುಣವೆಂದರೆ ಕಣ್ಣಿನ ಪ್ರಾಮಾಣಿಕತೆ. ಕ್ಯಾಸ್ಪಿಯನ್ ಸಮುದ್ರವು ಮಹಾಸಾಗರದಿಂದ ಒಳಚಾಚಿದ ಕೊಲ್ಲಿಯೆಂದು ಇಸಿಡೋರನೆಂಬ ಪೂರ್ವಾಚಾರ್ಯನು ಬರೆದಿದ್ದನು. ಅದು ಎಲ್ಲ ಕಡೆಯೂ ನೆಲದಿಂದ ಸುತ್ತುವರಿಯಲ್ಪಟ್ಟುದೆಂದು ವಿಲಿಯಂ ನಿಸ್ಸಂಕೋಚವಾಗಿ ತಿದ್ದುತ್ತಾನೆ. ಚೀನೀಯರು ಕುಂಚದಿಂದ ಬರೆಯುವರೆಂಬುದನ್ನೂ, ಅವರ ಒಂದೊಂದು ಆಕೃತಿಯೂ ಒಂದು ಪದವಾಗುವುದೆಂಬುದನ್ನೂ ಗಮನಿಸುತ್ತಾನೆ. ರಾಜಧಾನಿಯಾದ ಕಾರಕೋರಮ್ಮಿನಲ್ಲಿ ಹನ್ನೆರಡು ವಿಗ್ರಹಾಲಯಗಳು, ಎರಡು ಮಸೀದಿಗಳು, ಒಂದು ಇಗರ್ಜಿ ಇದ್ದುವೆಂದು ಎಣಿಸಿ ಹೇಳುತ್ತಾನೆ. ಅರಮನೆಯನ್ನು ಬಿಟ್ಟರೆ ಊರು ಸೇಂಟ್ ಡೆನಿ ಗ್ರಾಮದಷ್ಟೂ ದೊಡ್ಡದಲ್ಲವೆನ್ನುತ್ತಾನೆ. ಪ್ಯಾರಿಸಿನ ಅಕ್ಕಸಾಲಿಗನೊಬ್ಬನು ಖಾನನಿಗಾಗಿ ಮಾಡಿದ ಬೆಳ್ಳಿಯ ಮರ, ಅದರಿಂದ ಹರಿಯುತ್ತಿದ್ದ ನಾಲ್ಕು ಬಗೆಯ ಪಾನಗಳು, ಹಂಗೆರಿಯಲ್ಲಿ ಸೆರೆಸಿಕ್ಕಿ ಅಲ್ಲಿಗೆ ಬಂದಿದ್ದ ಮೆಟ್ಸ್ ಪಟ್ಟಣದ ಪಾಕೆಟ್ ಎಂಬ ಹೆಂಗಸು, ಇವೆಲ್ಲ ಅವನ ಲೇಖನಿಯಲ್ಲಿ ಅಲಂಕಾರವಿಲ್ಲದೆ ನಿಲ್ಲುತ್ತವೆ. ಸಾಮ್ರಾಜ್ಯದ ವೈಭವವು ಸೆರೆಯಾಳುಗಳ ಕೈಕೆಲಸವೆಂಬುದನ್ನು ಅವನು ವಾದಿಸುವುದಿಲ್ಲ. ಓದುವವನಿಗೆ ತಾನಾಗಿ ತಿಳಿಯುತ್ತದೆ.

ಗ್ರಂಥದ ಹೃದಯವಿರುವುದು ೧೨೫೪ರ ಮೇ ತಿಂಗಳ ಕೊನೆಯಲ್ಲಿ ನಡೆದ ಮತವಾದದ ಪ್ರಕರಣದಲ್ಲಿ. ಕ್ರೈಸ್ತರು, ಮುಸಲ್ಮಾನರು, ಬೌದ್ಧರು ಖಾನನ ಅಪ್ಪಣೆಯಿಂದ ಒಂದೆಡೆ ಕೂಡಿದರು. ಮೂರು ಮತಗಳಿಂದಲೂ ಒಬ್ಬೊಬ್ಬ ಲೇಖಕನು ತೀರ್ಪುಗಾರನಾಗಿ ಕುಳಿತನು. ಜಗಳದ ಮಾತನಾಡಿದವನಿಗೆ ಮರಣದಂಡನೆಯೆಂದು ಮೊದಲೇ ಸಾರಲಾಯಿತು. ವಿಲಿಯಂ ದೇವರ ಏಕತ್ವವನ್ನೂ ಸರ್ವಶಕ್ತಿಯನ್ನೂ ಮುಂದಿಟ್ಟು ಬೌದ್ಧನನ್ನು ನಿರುತ್ತರಗೊಳಿಸಿದನಂತೆ. ಅನಂತರ ನಡೆದುದೇನು? ಯಾವನೊಬ್ಬನೂ ತಾನು ಕ್ರೈಸ್ತನಾಗುವೆನೆಂದು ಹೇಳಲಿಲ್ಲ. ವಾದ ಮುಗಿದೊಡನೆ ಎಲ್ಲರೂ ಕೂಡಿ ಯಥೇಚ್ಛವಾಗಿ ಕುಡಿದರು. ಇದನ್ನು ವಿಲಿಯಂ ತಾನೇ ಬರೆದಿದ್ದಾನೆ. ಅಷ್ಟು ದೂರದ ಪ್ರಯಾಣದಲ್ಲಿ ತಾನು ದೀಕ್ಷೆಕೊಟ್ಟುದು ಒಟ್ಟು ಆರು ಮಂದಿಗೆ ಮಾತ್ರವೆಂದೂ ಅವನೇ ಲೆಕ್ಕ ಒಪ್ಪಿಸಿದ್ದಾನೆ. ದೊರೆಗೆ ಬರೆಯುವ ಪತ್ರದಲ್ಲಿ ತನ್ನ ನಿಷ್ಫಲತೆಯನ್ನು ಮರೆಮಾಚದವನ ಮಾತನ್ನು ಇತರ ವಿಷಯಗಳಲ್ಲಿಯೂ ನಂಬಬಹುದಲ್ಲವೆ?

ಆದರೆ ಈ ನಂಬಿಕೆಗೂ ಮಿತಿಯುಂಟು. ಬೌದ್ಧನ ವಾದವು ನಮಗೆ ದೊರೆಯುವುದು ಪ್ರತಿವಾದಿಯ ಬಾಯಿಂದ. ಅದೂ ದುಭಾಷಿಯ ಮೂಲಕ. ಪರಮೇಶ್ವರನೊಬ್ಬನು, ಅವನ ಕೆಳಗೆ ಹತ್ತು ಹನ್ನೊಂದು ದೇವತೆಗಳು ಎಂದು ಬೌದ್ಧನು ಹೇಳಿದನಂತೆ. ಬುದ್ಧನ ನಾಡಿನಲ್ಲಿ ಹುಟ್ಟಿ ಕರ್ಮ, ದುಃಖ, ನಿರ್ವಾಣಗಳ ವಿಚಾರವನ್ನು ಅಷ್ಟಿಷ್ಟಾದರೂ ಕೇಳಿರುವ ನಮ್ಮ ವಾಚಕರಿಗೆ ಇದರಲ್ಲಿ ಎಷ್ಟೋ ಕಳೆದುಹೋಗಿದೆಯೆಂದು ಕೂಡಲೆ ತೋರದಿರದು. ಕೆಡುಕು ಎಲ್ಲಿಂದ ಬಂದಿತೆಂದು ಬೌದ್ಧನು ಕೇಳಿದ ಪ್ರಶ್ನೆಯು ಗಹನವಾದುದು. ವಿಲಿಯಂ ಅದನ್ನು ಮುಂದಕ್ಕೆ ತಳ್ಳಿ, ಮೊದಲು ದೇವರ ವಿಷಯಕ್ಕೆ ಉತ್ತರ ಹೇಳೆಂದು ಒತ್ತಾಯಪಡಿಸಿದನು. ಸಮುದ್ರದ ವಿಷಯದಲ್ಲಿ ಆಚಾರ್ಯವಾಕ್ಯವನ್ನು ಮೀರಿ ನೋಡಿದ ಕಣ್ಣು ಮತದ ವಿಷಯದಲ್ಲಿ ಪಾಠಶಾಲೆಯ ಗೆರೆಯನ್ನು ದಾಟಲಿಲ್ಲ. ಇದು ಗ್ರಂಥದ ದೊಡ್ಡ ಕೊರತೆ.

ವಾದದ ಮರುದಿನ ಮೊಂಗ್ಕೆಯು ವಿಲಿಯಂನನ್ನು ಕರೆಸಿ ಆಡಿದ ಮಾತು ಲೋಕಪ್ರಸಿದ್ಧವಾಗಿದೆ. ಕೈಗೆ ಹಲವು ಬೆರಳುಗಳಿರುವಂತೆ ದೇವರು ಮನುಷ್ಯರಿಗೆ ಹಲವು ಮಾರ್ಗಗಳನ್ನು ಕೊಟ್ಟಿದ್ದಾನೆಂಬುದು ಅದರ ತಾತ್ಪರ್ಯ. ಇದನ್ನೊಂದನ್ನೇ ಹಿಡಿದು ಮೊಂಗ್ಕೆಯನ್ನು ಸರ್ವಮತಸಮನ್ವಯದ ಪ್ರವರ್ತಕನೆಂದು ಕೊಂಡಾಡುವವರಿದ್ದಾರೆ. ಈ ಅಭಿಪ್ರಾಯವನ್ನು ನಾನು ಒಪ್ಪಲಾರೆ. ಮಾತಿನ ಮುಂದಿನ ಭಾಗವನ್ನು ಅವರು ಓದುವುದಿಲ್ಲ. ಕ್ರೈಸ್ತರಿಗೆ ಶಾಸ್ತ್ರವಿದ್ದರೂ ಅವರು ಅದರಂತೆ ನಡೆಯುವುದಿಲ್ಲ, ನಮ್ಮವರಾದರೋ ಕಣಿಹೇಳುವವರ ಮಾತಿನಂತೆ ನಡೆದು ಸುಖವಾಗಿದ್ದೇವೆ ಎಂದು ಖಾನನು ಚುಚ್ಚಿ ನುಡಿದನು. ಇದಕ್ಕಿಂತಲೂ ಮುಖ್ಯವಾದುದು, ವಿಲಿಯಂನ ಕೈಯಲ್ಲಿಯೇ ಲೂಯಿ ದೊರೆಗೆ ಕೊಟ್ಟು ಕಳುಹಿಸಿದ ಪತ್ರ. ಸ್ವರ್ಗದಲ್ಲಿ ದೇವನೊಬ್ಬನು, ಭೂಮಿಯಲ್ಲಿ ಪ್ರಭುವಾದ ಚಂಗೀಸ್ ಖಾನನೊಬ್ಬನು ಎಂಬುದೇ ಅದರ ಸಾರ. ವಿಧೇಯರಾಗದವರಿಗೆ ಯುದ್ಧವೆಂಬ ಬೆದರಿಕೆಯೂ ಅದರಲ್ಲಿತ್ತು. ೧೨೪೬ರಲ್ಲಿ ಗುಯುಕ್ ಖಾನನು ನಾಲ್ಕನೆಯ ಇನೊಸೆಂಟ್ ಪೋಪನಿಗೆ ಬರೆದ ಉತ್ತರದ ಧಾಟಿಯೂ ಇದೇ. ಬೆರಳುಗಳು ಹಲವಾದರೂ ಕೈ ಒಬ್ಬನದೇ ಆಗಿರಬೇಕು. ಹಲವು ಮತಗಳ ಪುರೋಹಿತರಿಗೆ ತೆರಿಗೆಯನ್ನು ಮಾಫಿಮಾಡಿದ್ದು, ಅವರೆಲ್ಲರ ಪ್ರಾರ್ಥನೆಯೂ ಖಾನನ ಆಯುಸ್ಸಿಗಾಗಿ ಸಲ್ಲಲೆಂದು. ಹಾಗೆ ಸಲ್ಲುವವರೆಗೆ ಯಾವ ದೇವರಾದರೂ ಆಗಬಹುದಾಗಿತ್ತು. ಇದೇ ಮೊಂಗ್ಕೆಯು ಕಳುಹಿಸಿದ ಹುಲಾಗುವಿನ ಸೈನ್ಯವು ೧೨೫೮ರಲ್ಲಿ ಬಾಗ್ದಾದನ್ನು ಹಾಳುಮಾಡಿ ಖಲೀಫನನ್ನು ಕೊಂದಿತು.

ಹಾಗೆಂದು ಯುರೋಪಿನ ಪಕ್ಷವನ್ನು ಎತ್ತಿಹಿಡಿಯುವುದೂ ನ್ಯಾಯವಲ್ಲ. ೧೨೪೦ರಲ್ಲಿ ಪ್ಯಾರಿಸಿನಲ್ಲಿ ಯೆಹೂದ್ಯರ ತಾಲ್ಮೂದ್ ಗ್ರಂಥವನ್ನು ವಿಚಾರಣೆಗೊಳಪಡಿಸಿದವನು ಇದೇ ಲೂಯಿ ದೊರೆ; ೧೨೪೨ರಲ್ಲಿ ಅದರ ಪ್ರತಿಗಳನ್ನು ಬಂಡಿಬಂಡಿಯಾಗಿ ಅಲ್ಲಿ ಸುಡಲಾಯಿತು. ಅಲ್ಲಿಯೂ ಮತವಾದ ನಡೆದಿತ್ತು. ಆದರೆ ತೀರ್ಪುಗಾರರೆಲ್ಲರೂ ಒಂದೇ ಮತದವರು. ಕಾರಕೋರಮ್ಮಿನಲ್ಲಿ ಮೂರು ಮತದವರೂ ತೀರ್ಪಿಗೆ ಕುಳಿತರು, ಯಾರ ಪುಸ್ತಕವೂ ಬೆಂಕಿಗೆ ಬೀಳಲಿಲ್ಲ. ಈ ಅಂತರವು ಅಲ್ಪವೇನೂ ಅಲ್ಲ. ಪ್ರಭುವಿನ ಉದ್ದೇಶವು ಸ್ವಾರ್ಥದ್ದೇ ಆಗಿದ್ದರೂ ಪ್ರಜೆಗೆ ದೊರೆತ ಅವಕಾಶವು ನಿಜವಾದುದೇ. ಆದರೆ ಅಂಥ ಅವಕಾಶವು ಪ್ರಭುವಿನ ಮರ್ಜಿಯಿರುವವರೆಗೆ ಮಾತ್ರ. ಅದನ್ನು ಧರ್ಮವೆಂದು ಭ್ರಮಿಸಬಾರದು.

ವಿಲಿಯಂ ಈ ಮೀಮಾಂಸೆಯನ್ನು ಮಾಡಿದವನಲ್ಲ. ಕಂಡುದನ್ನೂ ಕೇಳಿದುದನ್ನೂ, ತನಗೆ ಪ್ರತಿಕೂಲವಾದುದನ್ನೂ ಬಿಡದೆ ಬರೆದಿಟ್ಟನು. ಆದುದರಿಂದಲೇ ಅವನು ಒಪ್ಪದ ನಿರ್ಣಯಗಳನ್ನೂ ನಾವು ಅವನ ಗ್ರಂಥದಿಂದಲೇ ಪಡೆಯಬಹುದಾಗಿದೆ. ಸಮಕಾಲೀನರಲ್ಲಿ ರೋಜರ್ ಬೇಕನ್ ಪಂಡಿತನೊಬ್ಬನು ಅದರ ಬೆಲೆಯನ್ನರಿತು ತನ್ನ ಮಹಾಗ್ರಂಥದಲ್ಲಿ ಬಳಸಿಕೊಂಡನು; ಉಳಿದವರು ಬಹುಕಾಲ ಗಮನಿಸಲಿಲ್ಲ. ಇಂಗ್ಲಿಷಿನಲ್ಲಿ ಇದರ ಒಳ್ಳೆಯ ಭಾಷಾಂತರಗಳುಂಟು. ಇತಿಹಾಸದಲ್ಲಿ ಆಸಕ್ತಿಯುಳ್ಳ ಕನ್ನಡಿಗರು ಇದನ್ನು ಓದಿ, ಶಕ್ತರಾದವರು ಕನ್ನಡಕ್ಕೆ ತಂದರೆ ನಮ್ಮ ಪ್ರವಾಸಸಾಹಿತ್ಯಕ್ಕೆ ಒಂದು ಒಳ್ಳೆಯ ಮೇಲ್ಪಂಕ್ತಿಯು ದೊರೆತಂತಾಗುವುದು.