ಕಾದು ಕೂತ ಕೇಸರಗಳು

ಉತ್ತರ ಅಮೆರಿಕದ ಪೂರ್ವ ಬೆಟ್ಟಗಳ ಮೌಂಟನ್ ಲಾರೆಲ್, ಹುಳಿಮಣ್ಣು ಬೇಡುವ, ನಿಧಾನವಾಗಿ ಬೆಳೆಯುವ ಪೊದೆ. ಸಸ್ಯಶಾಸ್ತ್ರದಲ್ಲಿ ಇದು ಕಾಲ್ಮಿಯಾ ಲ್ಯಾಟಿಫೋಲಿಯಾ. 18ನೇ ಶತಮಾನದಲ್ಲಿ ಫಿಲಡೆಲ್ಫಿಯಾ ಬಳಿಯ ರೈತ ಜಾನ್ ಬಾರ್ಟ್ರಮ್ ಇಂಥ ಅಮೆರಿಕದ ಕಾಡುಗಿಡಗಳ ಬೀಜಗಳನ್ನು ಪೆಟ್ಟಿಗೆಗಳಲ್ಲಿ ತುಂಬಿ ಲಂಡನ್ನಿನ ಬಟ್ಟೆ ವ್ಯಾಪಾರಿ ಪೀಟರ್ ಕಾಲಿನ್ಸನ್‌ಗೆ ಕಳಿಸುತ್ತಿದ್ದರು. ಇಬ್ಬರೂ ಕ್ವೇಕರರೆಂಬ ಕ್ರೈಸ್ತ ಪಂಥದವರು. ಆ ಪಂಥದ ಮೌನ ಆರಾಧನೆಯನ್ನು ಬರಿಯ ನಿಷ್ಕ್ರಿಯತೆ ಎನ್ನುವವರು ಲಾರೆಲ್ ಹೂವನ್ನು ಹತ್ತಿರದಿಂದ ನೋಡಬೇಕು. ಬಟ್ಟಲಿನಂಥ ಬಿಳಿ-ಗುಲಾಬಿ ಹೂವಿನಲ್ಲಿ ಹತ್ತು ಕೇಸರಗಳಿವೆ. ಹೂದಳದ ಹತ್ತು ಪುಟ್ಟ ಗುಳಿಗಳಲ್ಲಿ ತುದಿ ಸಿಕ್ಕಿಸಿಕೊಂಡು ಬಿಲ್ಲಿನಂತೆ ಬಾಗಿವೆ. ದುಂಬಿ ಬಂದು ತಾಗಿದೊಡನೆ ಕೇಸರ ಚಿಮ್ಮಿ ಅದರ ಮೈಮೇಲೆ ಪರಾಗ ಎರಚುತ್ತದೆ. ಅಲ್ಲಿಯತನಕ ಹೂವು ಸುಮ್ಮನಿದ್ದಂತೆ ಕಂಡರೂ ಪೂರ್ತಿ ಸಿದ್ಧವಾಗಿರುತ್ತದೆ.

17ನೇ ಶತಮಾನದ ಇಂಗ್ಲೆಂಡಿನಲ್ಲಿ ಜಾರ್ಜ್ ಫಾಕ್ಸ್ ಮೊದಲಾದವರು ಕಟ್ಟಿದ ಈ ಪಂಥದ ಮೌನ ಸಭೆಯಲ್ಲಿ ಪಾದ್ರಿಯಿಲ್ಲ, ಗೊತ್ತುಮಾಡಿದ ಪ್ರಾರ್ಥನೆಯಿಲ್ಲ. ಸುಮಾರು ಒಂದು ತಾಸು ಎಲ್ಲರೂ ಕೂತಿರುತ್ತಾರೆ. ಒಳಗಿನ ಪ್ರೇರಣೆ ಬಂದವರು, ಗಂಡಾಗಲಿ ಹೆಣ್ಣಾಗಲಿ, ಎದ್ದು ನಾಲ್ಕು ಮಾತಾಡುತ್ತಾರೆ. ಗಿಡಕ್ಕೆ ಇಚ್ಛೆಯಿಲ್ಲ, ಹೋಲಿಕೆ ಸಲ್ಲದು ಎನ್ನಬಹುದು. ನಿಜ, ಕೇಸರ ಯೋಚಿಸುವುದಿಲ್ಲ. ಮನುಷ್ಯರಾದರೋ ಈ ಮಾತು ತಮ್ಮ ಹಮ್ಮಿನದೋ, ಎಲ್ಲರಿಗೂ ಬೇಕಾದದ್ದೋ ಎಂದು ತೂಗಿ ನೋಡಿಯೇ ಏಳಬೇಕು. ಆದ್ದರಿಂದ ಮನುಷ್ಯರ ಮೌನ ಹೂವಿನದಕ್ಕಿಂತ ಕಷ್ಟದ ಕೆಲಸ.

ಜಗತ್ತಿನ ಬಹುಪಾಲು ಕ್ವೇಕರರು ಇಂದು ಪಾದ್ರಿ, ಹಾಡು ಇರುವ ಆರಾಧನೆಯನ್ನೇ ನಡೆಸುತ್ತಾರೆ ಎಂಬುದೂ ದಿಟ. ಮೌನವೇ ಏಕೈಕ ದಾರಿ ಎಂದು ನಾನು ವಾದಿಸುತ್ತಿಲ್ಲ. ಗಟ್ಟಿ ಆಕ್ಷೇಪ ಬೇರೆಯಿದೆ: ಅನ್ಯಾಯದೆದುರು ಸುಮ್ಮನೆ ಕೂರಲು ಮೌನವೊಂದು ನೆಪವಲ್ಲವೇ? 1688ರಲ್ಲಿ ಫಿಲಡೆಲ್ಫಿಯಾ ಬಳಿಯ ಜರ್ಮನ್‌ಟೌನಿನ ನಾಲ್ವರು ಕ್ವೇಕರರು ಗುಲಾಮಗಿರಿಯನ್ನು ಖಂಡಿಸಿ ತಮ್ಮ ಸಭೆಗೆ ಬರೆದುಕೊಟ್ಟರು. ಫಿಲಡೆಲ್ಫಿಯಾದ ವಾರ್ಷಿಕ ಸಭೆ ತನ್ನ ಸದಸ್ಯರು ಗುಲಾಮರನ್ನು ಇಟ್ಟುಕೊಳ್ಳಕೂಡದೆಂದು ಕಟ್ಟುಮಾಡಿದ್ದು 1776ರಲ್ಲಿ. ಈ 88 ವರ್ಷಗಳ ವಿಳಂಬಕ್ಕೆ ಸಮರ್ಥನೆಯಿಲ್ಲ. ಆದರೆ ಅಲ್ಲಿ ಕೊರತೆಯಾದದ್ದು ಮಾತಿನದಲ್ಲ; ಮಾತು ಮೊದಲೇ ಬಂದಿತ್ತು, ಗುಲಾಮರಿಂದ ಲಾಭ ಪಡೆಯುತ್ತಿದ್ದವರು ಅದಕ್ಕೆ ಕಿವಿಗೊಡಲಿಲ್ಲ. ಹುದ್ದೆಯಿಲ್ಲದವರೂ ಎದ್ದುನಿಲ್ಲಬಹುದಾದ ಸಭೆಯಲ್ಲಿ ಜಾನ್ ವುಲ್ಮನ್‌ರಂಥ ದರ್ಜಿ ಊರೂರು ಅಲೆದು ಅದೇ ಮಾತನ್ನು ಮತ್ತೆ ಮತ್ತೆ ಕೇಳಿಸಿದರು. ಮೌನದ ಬೆಲೆ ಕಟ್ಟಬೇಕಾದದ್ದು ಅದು ಎಷ್ಟು ಹೊತ್ತು ನಡೆಯಿತು ಎಂಬುದರಿಂದಲ್ಲ, ಅದರೊಳಗಿಂದ ಎದ್ದ ಮಾತಿಗೆ ಸಭೆ ಎಷ್ಟರಮಟ್ಟಿಗೆ ತಲೆಬಾಗಿತು ಎಂಬುದರಿಂದ.