ಊಟದ ರುಚಿ, ಊರಿನ ಕಹಿ

ಪತ್ತೇದಾರಿ ಕಾದಂಬರಿಯನ್ನು ಸಾಹಿತ್ಯದ ಪಂಕ್ತಿಯಲ್ಲಿ ಕೂರಿಸಲು ನಾನೂ ಹಿಂಜರಿಯುತ್ತಿದ್ದವನೇ. ಸ್ಪೇನಿನ ಮಾನ್ವೆಲ್ ವಾಸ್ಕೆಸ್ ಮೊಂತಲ್ಬಾನರ (1939–2003) ‘ದಕ್ಷಿಣದ ಕಡಲುಗಳು’ ಎಂಬುದನ್ನು ಇಂಗ್ಲಿಷ್ ಅನುವಾದದಲ್ಲಿ ಓದಿದ ಮೇಲೆ ಆ ಹಿಂಜರಿಕೆ ಸಡಿಲಿತು. 1979ರ ಪ್ಲಾನೇಟಾ ಬಹುಮಾನ ಪಡೆದ ಕೃತಿಯಿದು.

ಕಥೆ ನಡೆಯುವುದು ಕಡಲತಡಿಯ ಬಾರ್ಸಿಲೋನದಲ್ಲಿ. ಪತ್ತೇದಾರ ಕಾರ್ವಾಲೊ ಭೋಜನಪ್ರಿಯ. ಅಗ್ಗಿಷ್ಟಿಕೆ ಹೊತ್ತಿಸಲು ತನ್ನ ಪುಸ್ತಕಗಳನ್ನೇ ಸುಡುವ ವಿಚಿತ್ರ ಆಸಾಮಿ. ರಾಂಬ್ಲಾಸ್ ಬೀದಿಯ ಕಚೇರಿಯಲ್ಲೇ ಅವನ ಸಹಾಯಕ ಅಡಿಗೆ ಮಾಡುತ್ತಾನೆ. ಮನೆಯಿರುವುದು ಗುಡ್ಡದ ಮೇಲಿನ ವಾಲ್‌ವಿದ್ರೇರಾದಲ್ಲಿ. ಉಣ್ಣುತ್ತ, ಕುಡಿಯುತ್ತ, ಕೇರಿಯಿಂದ ಕೇರಿಗೆ ಅಲೆಯುತ್ತ ಅವನು ಕೊಲೆಯ ಜಾಡು ಹಿಡಿಯುತ್ತಾನೆ.

ಸತ್ತವನು ಶ್ರೀಮಂತ. ಚಿತ್ರಕಾರ ಗೊಗ್ಯಾನಂತೆ ದೂರದ ದ್ವೀಪಗಳಿಗೆ ಹೋಗುವೆನೆಂದು ಹೊರಟವನು, ನಿಜವಾಗಿ ಹೋಗಿ ನೆಲಸಿದ್ದು ತಾನೇ ಕಟ್ಟಿಸಿ ಲಾಭ ಪಡೆದ ಕೂಲಿಕಾರರ ಬಡಾವಣೆಯಲ್ಲಿ. ಸಾನ್ ಮಾಹಿನ್ ಎಂಬ ಆ ಬಡಾವಣೆ ಲೇಖಕರ ಕಲ್ಪನೆ. ಅಲ್ಲಿನ ಬಾಳು ಕಲ್ಪನೆಯಲ್ಲ.

ಅಡಿಗೆಯ ವರ್ಣನೆ ಕಥೆಯ ಓಟಕ್ಕೆ ಅಡ್ಡಿಯೆಂದು ಮೊದಲು ನನಗೆ ತೋರಿತ್ತು. ಎರಡನೆಯ ಓದಿನಲ್ಲಿ ಆ ಮಾತನ್ನು ಹಿಂತೆಗೆದುಕೊಂಡೆ. ಬೇಕಾದ ಕೇರಿಗೆ ಹೋಗಿ, ಬೇಕಾದುದನ್ನು ಉಂಡು, ಬೇಡವಾದಾಗ ಗುಡ್ಡ ಹತ್ತಿ ಮನೆ ಸೇರುವ ಸ್ವಾತಂತ್ರ್ಯ ಕಾರ್ವಾಲೊನಿಗುಂಟು. ಸಾನ್ ಮಾಹಿನ್‌ನವರಿಗೆ ಅದಿಲ್ಲ. ಅಂತರ್ಯುದ್ಧ ಮುಗಿದ ವರ್ಷವೇ ರಾವಾಲ್ ಎಂಬ ಬಡ ಕೇರಿಯಲ್ಲಿ ಹುಟ್ಟಿದ ಲೇಖಕರು ಈ ಅಂತರವನ್ನು ಎಲ್ಲಿಯೂ ಮರೆಯುವುದಿಲ್ಲ.

ಹೆಂಗಸರ ಪಾತ್ರಗಳು ಮಾತ್ರ ಇಲ್ಲಿನ ಅಡಿಗೆಯಷ್ಟು ಹದವಾಗಿ ಬೆಂದಿಲ್ಲ. ಆದರೂ, ಪರ ಊರಿಗೆ ಹೋದಾಗ ಹೋಟೆಲುಗಳ ರುಚಿಯನ್ನಷ್ಟೇ ನೆನಪಿಟ್ಟು ಬರುವ ನಮ್ಮಂಥವರು ಓದಲೇಬೇಕಾದ ಪುಸ್ತಕವಿದು.