ಎರವಲು ಕಂಠ, ನಮ್ಮ ಕನ್ನಡ

ಕನ್ನಡ ಚಿತ್ರಗೀತೆಗಳ ಮಾತು ಬಂದಾಗಲೆಲ್ಲ ಬೆಂಗಳೂರಿನ ನಮ್ಮ ಬಂಧುಗಳು ಒಂದು ಚುಚ್ಚುಮಾತು ಆಡುತ್ತಾರೆ: ಹಾಡಿದವರು ಹೊರಗಿನವರು, ಹಾಡಿಸಿದ್ದು ಮದರಾಸಿನಲ್ಲಿ, ಇದರಲ್ಲಿ ಕನ್ನಡದ್ದೇನಿದೆ? ಮಾತಿನ ಮೊದಲರ್ಧ ಬಹುಮಟ್ಟಿಗೆ ನಿಜವೇ. ಪಿ.ಬಿ. ಶ್ರೀನಿವಾಸ್ 1930ರಲ್ಲಿ ಹುಟ್ಟಿದ್ದು ಕಾಕಿನಾಡದಲ್ಲಿ. ಎಸ್. ಜಾನಕಿ, ಪಿ. ಸುಶೀಲಾ, ಎಸ್.ಪಿ. ಬಾಲಸುಬ್ರಹ್ಮಣ್ಯಂ ಮೂವರೂ ತೆಲುಗರು. 1954ರ 'ಬೇಡರ ಕಣ್ಣಪ್ಪ'ದಲ್ಲಿ ರಾಜಕುಮಾರರಿಗೆ ಕಂಠ ಕೊಟ್ಟ ಸಿ.ಎಸ್. ಜಯರಾಮನ್ ಅಂತೂ ತಮಿಳರು. ಆದರೆ ಉಳಿದರ್ಧವನ್ನು ನಾವು ಒಪ್ಪಲಾರೆವು.

ಹಾಡಿನಲ್ಲಿ ಭಾಷೆ ನಿಲ್ಲುವುದು ಉಚ್ಚಾರಣೆಯ ಮೇಲೆ. ಗಾಯಕರು ತಮಗೆ ರೂಢಿಯಾದ ಲಿಪಿಯಲ್ಲಿ ಸಾಹಿತ್ಯ ಬರೆದುಕೊಳ್ಳುವುದು ರೆಕಾರ್ಡಿಂಗ್ ಥಿಯೇಟರಿನ ಹಳೆಯ ಪದ್ಧತಿ. ಕಚೇರಿಯಲ್ಲಿ ಕಡತ ನಕಲು ಮಾಡಿದವರಿಗೆ ಗೊತ್ತು, ತಪ್ಪು ನುಸುಳುವುದು ನಕಲಿನಲ್ಲೇ. ತೆಲುಗು ಲಿಪಿ ನಮ್ಮದರ ಒಡಹುಟ್ಟು. ಎ, ಏ ಬೇರೆ, ಲ, ಳ ಬೇರೆ, ಮಹಾಪ್ರಾಣಗಳೂ ಉಂಟು. ಕನ್ನಡದ ಸಾಲನ್ನು ಅದರಲ್ಲಿಟ್ಟರೆ ಏನೂ ಸೋರುವುದಿಲ್ಲ. ತಮಿಳಿನಲ್ಲಿ ಬರೆದರೆ ಕ, ಗ ಎರಡಕ್ಕೂ ಒಂದೇ ಅಕ್ಷರ. ಹಿಂದಿ ಬರವಣಿಗೆಯಲ್ಲಿ ಹ್ರಸ್ವ ಎ, ಒ ಇಲ್ಲ. ಳಕಾರದ ರೂಢಿಯೂ ಇಲ್ಲ. ಕೆರೆ ಹೋಗಿ ಕೇರೆಯಾದರೆ ನೀರಿದ್ದಲ್ಲಿ ಹಾವು! ಹಳ್ಳಿ ಹಲ್ಲಿಯಾಗುವುದಂತೂ ಎಲ್ಲರೂ ಕೇಳಿದ್ದೇ.

ಶ್ರೀನಿವಾಸರ ಹಿರಿಮೆ ಬರಿಯ ಶುದ್ಧ ಉಚ್ಚಾರಣೆಯದಲ್ಲ. ಮಂದ್ರದಲ್ಲಿ, ಅವಸರವಿಲ್ಲದೆ, ಪದದ ಅರ್ಥ ಕೇಳುಗನಿಗೆ ಮುಟ್ಟುವಷ್ಟು ಎಡೆಗೊಟ್ಟು ಹಾಡುತ್ತಿದ್ದರು. ಗುಬ್ಬಿ ಕಂಪನಿಯಲ್ಲಿ ಪಳಗಿದ ರಾಜಕುಮಾರರ ಮಾತಿಗೆ ಆ ಹಾಡು ಬೆಸುಗೆ ಕಾಣದಂತೆ ಕೂಡಿಕೊಂಡಿತು. 1974ರ 'ಸಂಪತ್ತಿಗೆ ಸವಾಲ್' ಚಿತ್ರದಲ್ಲಿ ರಾಜಕುಮಾರರು ತಾವೇ ಹಾಡಿದರು. ಮುಂದೆ ತಮ್ಮ ಹಾಡುಗಳನ್ನು ತಾವೇ ಹಾಡತೊಡಗಿದರು. ಅವರ ಕಂಠದಲ್ಲಿ ರಂಗಭೂಮಿಯ ಕಸುವಿತ್ತು. 'ಜೀವನ ಚೈತ್ರ'ದ ಹಾಡಿಗೆ ರಾಷ್ಟ್ರಪ್ರಶಸ್ತಿಯೂ ಬಂತು. ಆದರೂ ಮೆಲುದನಿಯ ಆ ವಿಷಾದ ಮತ್ತೆ ಸಿಗಲಿಲ್ಲ ಎಂಬುದು ನಮ್ಮ ಅಭಿಪ್ರಾಯ. ಅಭಿಮಾನಿಗಳು ಮುನಿದರೂ ಸರಿಯೇ.

1967ರಲ್ಲಿ 'ನಕ್ಕರೆ ಅದೇ ಸ್ವರ್ಗ'ದಿಂದ ಕನ್ನಡಕ್ಕೆ ಬಂದ ಬಾಲಸುಬ್ರಹ್ಮಣ್ಯಂ ಬೇರೆ ಜಾತಿಯ ಗಾಯಕರು. ಹಾಡಿನ ನಡುವೆ ನಗು, ನಿಟ್ಟುಸಿರು ಬೆರೆಸುವ ಚಾಳಿ ಸರಸಗೀತೆಗೆ ಒಪ್ಪುತ್ತದೆ, ಕೆಲವೆಡೆ ಅತಿಯಾಗುತ್ತದೆ. ಆದರೆ ಗಾನಯೋಗಿ ಪಂಚಾಕ್ಷರ ಗವಾಯಿಗಳ ಚಿತ್ರಕ್ಕೆ ಹಾಡಿ ರಾಷ್ಟ್ರಪ್ರಶಸ್ತಿ ಪಡೆದಾಗ ಅವರ ಪಾಂಡಿತ್ಯವನ್ನು ಶಂಕಿಸಿದವರ ಬಾಯಿ ಮುಚ್ಚಿತು.

2006ರ 'ಮುಂಗಾರು ಮಳೆ'ಯ ಬಳಿಕ ಮುಂಬಯಿಯ ಕಂಠಗಳಿಗೆ ಬೇಡಿಕೆ ಏರಿತು. ಅದರಲ್ಲಿ ಸೋನು ನಿಗಮ್ ಸೊಗಸಾಗಿಯೇ ಹಾಡಿದ್ದಾರೆ. ಹೊರಗಿನವರು ಹಾಡಬಾರದು ಎನ್ನುವುದು ನಮ್ಮಂಥ ಹೊರನಾಡಿಗರ ಬಾಯಲ್ಲಿ ಶೋಭಿಸುವ ಮಾತೂ ಅಲ್ಲ. ನಮ್ಮ ತಕರಾರು ನಿರ್ಮಾಪಕರೊಡನೆ. ಹೆಸರಿಗೆ ಹಣ ತೆರುವವರು, ಪದ ಬರೆದ ಕವಿಯನ್ನು ಮೈಕಿನ ಪಕ್ಕ ಕೂರಿಸಿ ತಿದ್ದಿಸಲು ಅರ್ಧ ದಿನ ಕೊಡಬಾರದೆ?

ಬೆಂಗಳೂರಿನ ಮಗುವಿಗೆ ತಪ್ಪು ಹಾಡು ಕೇಳಿದರೂ ಬೀದಿಯಲ್ಲಿ ಸರಿಯಾದ ಮಾತು ಕಿವಿಗೆ ಬೀಳುತ್ತದೆ. ಚೆನ್ನೈಯಲ್ಲಿ ನಮ್ಮ ಎಷ್ಟೋ ಮಕ್ಕಳಿಗೆ ಶಾಲೆಯಲ್ಲಿ ತಮಿಳು, ಇಂಗ್ಲಿಷು. ಮನೆಯಾಚೆ ಅವರು ಕೇಳುವ ಕನ್ನಡವೆಂದರೆ ಹಾಡು. ಅದರಲ್ಲಿ ಹಲ್ಲಿ ಎಂದಿದ್ದರೆ ಅವರು ಹಲ್ಲಿಯನ್ನೇ ಕಲಿಯುತ್ತಾರೆ. 2008ರಲ್ಲಿ ಮುಚ್ಚಿದ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಹೋಟೆಲಿನಲ್ಲಿ ಜೇಬು ತುಂಬ ಪೆನ್ನುಗಳನ್ನಿಟ್ಟುಕೊಂಡು ಕೂರುತ್ತಿದ್ದ, ಎಂಟು ಭಾಷೆಗಳಲ್ಲಿ ಪದ್ಯ ಬರೆದ ಶ್ರೀನಿವಾಸರು 2013ರಲ್ಲಿ ಇದೇ ಊರಿನಲ್ಲಿ ತೀರಿಕೊಂಡರು. ಸಂಘದ ಗೀತಸ್ಪರ್ಧೆಗಳಲ್ಲಿ ಶ್ರುತಿ, ತಾಳಗಳಿಗಿಡುವಷ್ಟೇ ಅಂಕಗಳನ್ನು ಉಚ್ಚಾರಣೆಗೂ ಇಡಬೇಕೆಂದು ಸಂಚಾಲಕರನ್ನು ಕೇಳಿಕೊಳ್ಳುತ್ತೇವೆ.